ಒಬ್ಬರಿಗೆ ಎರಡೇ ಚೀಲ

ಪುಕ್ಕಟೆ ವಿಮಾನದ ಟಿಕೆಟ್ ಬಂದರೆ ಕುಣಿದಾಡುವ ಪೈಕಿ ನಾನಲ್ಲ. ದುಬೈಯಿಂದ ಗೋಪಾಲ ಭಾವ ಟಿಕೆಟ್ಟನ್ನೂ ವೀಸಾವನ್ನೂ ಒಟ್ಟಿಗೇ ಕಳಿಸಿದಾಗ ನಾನು ಮೊದಲು ಮಾಡಿದ ಕೆಲಸ ಸುಜಾತಕ್ಕನಿಗೆ ಫೋನ್ ಹಚ್ಚಿದ್ದು.

"ಭಾವನಿಗೆ ನನ್ನಿಂದ ಎಂತ ಆಗ್ಬೇಕು ಅಕ್ಕ?"

"ಒಳ್ಳೇದು ಮಾಡಿದವರ ಮೇಲೂ ಸಂಶಯವಾ ಮಾರಾಯ್ತಿ ನಿಂಗೆ!" ಎಂದು ಅಕ್ಕ ನಕ್ಕಳು. ಆದರೆ ಏನೂ ಆಗಬೇಕಾಗಿಲ್ಲ ಎಂದು ಮಾತ್ರ ಹೇಳಲಿಲ್ಲ. ಆಗಲೇ ನನಗೆ ಅರ್ಥವಾಯಿತು.

ಕಾರ್ಕಳದಲ್ಲಿ ನನ್ನದೊಂದು ಸಣ್ಣ ಉಪ್ಪಿನಕಾಯಿ ಘಟಕವಿದೆ. ಮಾವು, ಕರಂಡೆ, ಲಿಂಬೆ ಎಲ್ಲ ಮಾಡುತ್ತೇವಾದರೂ ಜನ ಹುಡುಕಿಕೊಂಡು ಬರುವುದು ಬೆಳ್ಳುಳ್ಳಿ ಉಪ್ಪಿನಕಾಯಿಗೆ. ಅಕ್ಕನ ಗಂಡ ಗೋಪಾಲ ಭಾವ ದುಬೈಯ ಒಂದು ತರಕಾರಿ ಆಮದು ಕಂಪನಿಯಲ್ಲಿ ಖರೀದಿ ಮ್ಯಾನೇಜರ್. ಎರಡು ತಿಂಗಳ ಹಿಂದೆ ಅವರ ಕಂಪನಿಯ ಮೂಲಕವೇ ನನ್ನ ಕೆಲವು ಪೆಟ್ಟಿಗೆ ಬಾಟಲಿಗಳು ಹಡಗು ಹತ್ತಿದ್ದವು. ಈಗ ಅವರ ತಲೆಯಲ್ಲಿ ಹೊಸ ಯೋಚನೆ: ನನ್ನ ಉಪ್ಪಿನಕಾಯಿಯನ್ನು ದುಬೈಯಲ್ಲೇ, ಚೀನಾದ ಬೆಳ್ಳುಳ್ಳಿ ಹಾಕಿ ಮಾಡಿಸುವುದು. ನಾನು ಬಂದು ಬೆಳ್ಳುಳ್ಳಿ ನೋಡಿ ಆಗಬಹುದು ಎಂದರೆ ಸಾಕು. ನಮ್ಮ ದೇಶಕ್ಕೆ ಚೀನಾದ ಬೆಳ್ಳುಳ್ಳಿ ತರುವ ಹಾಗಿಲ್ಲ. ಕದ್ದು ಬಂದದ್ದು ಒಮ್ಮೊಮ್ಮೆ ಅಂಗಡಿಗಳಲ್ಲಿ ಕಾಣಸಿಗುತ್ತದೆ, ಸುಣ್ಣ ಬಳಿದಷ್ಟು ಬೆಳ್ಳಗೆ. ಅಷ್ಟು ಬೆಳ್ಳಗಿರುವ ಯಾವುದನ್ನೂ ನಾನು ನಂಬುವುದಿಲ್ಲ.

ಡಿಸೆಂಬರಿನ ಒಂದು ಗುರುವಾರ ಮಂಗಳೂರಿನಿಂದ ಹೊರಟೆ. ಮೂರೂವರೆ ಗಂಟೆಯ ಹಾರಾಟ. ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ ಇಳಿದಾಗ ಅಲ್ಲಿ ಇನ್ನೂ ಮಧ್ಯಾಹ್ನ. ನಮ್ಮ ಊರಿನ ಡಿಸೆಂಬರಿಗಿಂತ ಹಿತವಾದ ಗಾಳಿ ಇತ್ತು. ಭಾವನಿಗೆ ಆಫೀಸು ಬಿಡಲಾಗಲಿಲ್ಲ. ಅಕ್ಕ ಟ್ಯಾಕ್ಸಿಯಲ್ಲಿ ಬಂದಿದ್ದಳು. ಅವರ ಮನೆ ಅಲ್ ನಹ್ದಾದಲ್ಲಿ, ಎರಡು ಕೋಣೆಯ ಫ್ಲ್ಯಾಟು. ದಾರಿಯುದ್ದಕ್ಕೂ ನಾನು ಮೀಟರ್ ನೋಡುತ್ತಿದ್ದೆ. ಇಳಿಯುವಾಗ ಮೀಟರ್ ತೋರಿಸಿದಷ್ಟನ್ನೇ ಚಾಲಕ ತೆಗೆದುಕೊಂಡ, ಚಿಲ್ಲರೆಯನ್ನೂ ಕೊಟ್ಟ. ಸಂಶಯಪಡಲು ಏನೂ ಸಿಗದೆ ನನಗೆ ಸ್ವಲ್ಪ ಬೇಸರವೇ ಆಯಿತು.

ಮರುದಿನ ಬೆಳಿಗ್ಗೆ ಭಾವ ನನ್ನನ್ನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿಗೆ ಕರೆದುಕೊಂಡು ಹೋದರು. ಹೆಸರು ಕೇಳಿ ಪಾರ್ಕು ಎಂದುಕೊಂಡರೆ ಸಾಲು ಸಾಲು ಗೋದಾಮು, ಕಾರ್ಖಾನೆ, ತಿರುಗುವುದಕ್ಕೆ ಜಾಗವಿಲ್ಲದೆ ಹಾರ್ನ್ ಬಾರಿಸುವ ಟ್ರೇಲರುಗಳು. ಕಂಪನಿಯ ಶೈತ್ಯಾಗಾರದಲ್ಲಿ ನನಗೊಂದು ದಪ್ಪ ಕೋಟು ತೊಡಿಸಿದರು. ಒಳಗೆ ಚಾವಣಿಯವರೆಗೆ ಬೆಳ್ಳುಳ್ಳಿ ತುಂಬಿದ ಬಲೆಚೀಲಗಳು.

ಅಲ್ಲೇ ಯಾನ್ ಪರಿಚಯವಾದಳು. ಮೂವತ್ತೈದರ ಆಸುಪಾಸಿನ ಚೀನಾದ ಹೆಂಗಸು. ಗಿಡ್ಡಗೆ ಕತ್ತರಿಸಿದ ಕೂದಲು, ಕೈಯಲ್ಲಿ ಸದಾ ಫೋನು. ಆ ಬೆಳ್ಳುಳ್ಳಿಯಲ್ಲಿ ಬಹುಪಾಲು ಅವಳ ಊರಿನದ್ದು. ಅವಳ ಅಪ್ಪನೂ ಬೆಳ್ಳುಳ್ಳಿ ಬೆಳೆಯುವವರೇ. ಊರಿನ ಬೆಳೆಗಾರರ ಸಂಘದ ಪರವಾಗಿ, ರಂಜಾನಿಗೆ ಮುಂಚೆ ಹೊರಡುವ ಸರಕಿನ ದರ ಮಾತಾಡಲು ಬಂದಿದ್ದಳು. ಸೋಮವಾರ ಮಧ್ಯಾಹ್ನ ಕಂಪನಿಯ ಮಾಲೀಕರ ಎದುರು ಮಾತುಕತೆ ನಿಗದಿಯಾಗಿತ್ತು.

ನಾನು ಒಂದು ಚೀಲವನ್ನು ಎಳೆಸಿ, ಬಾಯಿ ಬಿಚ್ಚಿ, ಪೂರ್ತಿ ನೆಲಕ್ಕೆ ಸುರಿಸಿದೆ. ಮೇಲೆ ಒಳ್ಳೆಯದಿಟ್ಟು ಅಡಿಗೆ ಪೊಳ್ಳು ತುಂಬುವ ವಿದ್ಯೆ ನನಗೆ ಗೊತ್ತು. ಯಾನ್ ಒಮ್ಮೆಲೇ ನಕ್ಕುಬಿಟ್ಟಳು. ಬೇರೆಯವರ ಚೀಲ ಕಂಡರೆ ತನ್ನ ಅಪ್ಪನೂ ಹೀಗೇ ಮಾಡುತ್ತಾರೆ ಎಂದಳು. ಅಡಿಯಲ್ಲಿದ್ದದ್ದೂ ಮೇಲಿದ್ದಷ್ಟೇ ಚೆನ್ನಾಗಿತ್ತು. ಒಂದು ಎಸಳು ಕಚ್ಚಿದೆ. ಖಾರ ನಮ್ಮದಕ್ಕಿಂತ ಕಡಿಮೆ, ಆದರೆ ಸಿಪ್ಪೆ ತಾನಾಗಿಯೇ ಕಳಚುತ್ತಿತ್ತು. ಆದರೂ ಯಾನ್ ನಕ್ಕ ಆ ನಗುವಿನಿಂದಾಗಿಯೇ ಅವಳ ಮೇಲೆ ನನಗೆ ಸಂಶಯ ಬಂತು. ವ್ಯಾಪಾರಕ್ಕೆ ಬಂದವರು ಅಷ್ಟು ಸಲೀಸಾಗಿ ನಗುವುದಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಭಾವ ದನಿ ತಗ್ಗಿಸಿದರು. ಕಾರಿನಲ್ಲಿ ನಾವಿಬ್ಬರೇ ಇದ್ದರೂ.

"ಆ ಯಾನ್ ಸೋಮವಾರ ಬಂದದ್ದು. ಅವತ್ತಿಂದ ಅಂಗಡಿ ಅಂಗಡಿ ತಿರುಗಿ ಫೋಟೋ ತೆಗೀತಾ ಉಂಟು. ಬೇರೆ ಪಾರ್ಟಿ ಹುಡುಕ್ತಾ ಉಂಟು ಅಂತ ಕಾಣ್ತದೆ ನನಗೆ. ನಾಳೆ ನೀನು ಒಟ್ಟಿಗೆ ಹೋಗು ವಾರಿಜಾ. ಊರು ನೋಡಿದ ಹಾಗೂ ಆಯ್ತು, ಎಲ್ಲಿಗೆ ಹೋಗ್ತಾಳೆ ಅಂತ ಗೊತ್ತೂ ಆಯ್ತು."

ಟಿಕೆಟ್ಟಿನ ಇನ್ನೊಂದು ಕಾರಣ ಹೊರಬಿತ್ತು ಎಂದುಕೊಂಡೆ. ಆದರೂ ಒಪ್ಪಿದೆ. ಗೂಢಚಾರಿಕೆ ನನಗೆ ಹೇಳಿ ಮಾಡಿಸಿದ ಕೆಲಸ.

ಅಂದು ಸಂಜೆ ಮನೆಯಲ್ಲಿ ಒಂದು ಗಡಿಬಿಡಿ ಶುರುವಾಯಿತು. ಶುಕ್ರವಾರದಿಂದ ಭಾನುವಾರದವರೆಗೆ ಅಲ್ಲಿನ ದೊಡ್ಡ ದೊಡ್ಡ ಅಂಗಡಿಗಳಲ್ಲಿ 'ಆಫರ್'. ಅಕ್ಕ ಫೋನಿನಲ್ಲಿ ಬಂದ ಬಣ್ಣದ ಹಾಳೆಗಳನ್ನು ಪರೀಕ್ಷೆಗೆ ಓದುವವಳಂತೆ ಓದಿ, ಯಾರು ಏನು ತೆಗೆದುಕೊಳ್ಳಬೇಕೆಂದು ಹಂಚಿದಳು. ಕಟ್ಟಡದ ಅರ್ಧ ಜನ ನಮ್ಮೊಂದಿಗೇ ಲಿಫ್ಟಿನಲ್ಲಿ ಇಳಿದರು. ಅಂಗಡಿಯ ಬಾಗಿಲಲ್ಲಿ ಅಕ್ಕ ನನ್ನ ಕೈಗೆ ಬೇರೆಯೇ ಒಂದು ಗಾಡಿ ಕೊಟ್ಟು ಪಿಸುಗುಟ್ಟಿದಳು:

"ಬೆಳ್ಳುಳ್ಳಿ ಒಬ್ಬರಿಗೆ ಎರಡೇ ಚೀಲ. ನೀನು ಆ ಕೊನೇ ಕ್ಯೂಗೆ ಹೋಗು. ನಾನು ಇಲ್ಲಿ. ಮಗಳು ಮಧ್ಯದ್ದರಲ್ಲಿ. ನಮ್ಮ ಗುರ್ತ ಇಲ್ಲದ ಹಾಗೆ ನಿಲ್ಲು."

"ಚಿಕ್ಕಮ್ಮ, ಡೋಂಟ್ ಲುಕ್ ಅಟ್ ಮೀ," ಎಂದಳು ಅಕ್ಕನ ಹದಿಮೂರರ ಮಗಳು, ದೊಡ್ಡವರ ಗಾಂಭೀರ್ಯದಿಂದ.

ಹೀಗೆ ಒಡಹುಟ್ಟಿದ ಅಕ್ಕನ ಗುರುತಿಲ್ಲದವಳಂತೆ ನಾನು ಕೊನೆಯ ಸಾಲಿನಲ್ಲಿ ನಿಂತೆ. ನನ್ನ ಮುಂದಿದ್ದ ಮಹಿಳೆಯೂ ಆಚೆ ಸಾಲಿನ ಗಂಡಸಿಗೆ ಕಣ್ಸನ್ನೆ ಮಾಡುತ್ತಿದ್ದಳು. ಅವನು ಅವಳ ಗಂಡನೆಂಬುದು ಅಂಗಡಿಗೆಲ್ಲ ಗೊತ್ತಿರಬೇಕು. ನಿಂತಲ್ಲೇ ಯೋಚಿಸಿದೆ. ಕಿಲೋದ ಬಲೆಚೀಲಕ್ಕೆ ಮೂರು ದಿರ್ಹಮ್ ತೊಂಬತ್ತೈದು ಫಿಲ್ಸ್. ಮಾರುವುದೇ ಅಂಗಡಿಯ ಕೆಲಸವಾದರೆ ಎರಡಕ್ಕಿಂತ ಹೆಚ್ಚು ಬೇಡ ಎನ್ನುವುದು ಯಾಕೆ? ನನ್ನ ಉಪ್ಪಿನಕಾಯಿಯನ್ನು ಯಾರಾದರೂ ನೂರು ಬಾಟಲಿ ಕೇಳಿದರೆ ನಾನು ಅವರನ್ನು ಕೂರಿಸಿ ಕಾಫಿ ಕೊಡುತ್ತೇನೆ.

ಹೊರಡುವ ಮುಂಚೆ ಭಾವ ಬೆಳ್ಳುಳ್ಳಿ ರಾಶಿಯ ಹತ್ತಿರ ಹೋಗಿ, ಅಕ್ಕನಿಗೆ ಒಂದು ಚೀಲ ಎತ್ತಿ ಹಿಡಿಯಲು ಹೇಳಿ, ಹಳದಿ ದರಚೀಟಿಯ ಫೋಟೋ ತೆಗೆದುಕೊಂಡರು. ಊರಿನ ಗುಂಪಿಗೆ ಹಾಕಿ ಹೊಟ್ಟೆ ಉರಿಸುವುದಕ್ಕೆ ಇರಬೇಕು ಎಂದುಕೊಂಡೆ. ಗಲ್ಫಿನಲ್ಲಿರುವ ನಮ್ಮವರಿಗೆ ಅದೊಂದು ಚಾಳಿ.

ಶನಿವಾರ ಬೆಳಿಗ್ಗೆ ಯಾನ್ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಅಕ್ಕ ತನ್ನ ಪ್ರಯಾಣದ ಕಾರ್ಡು ಕೊಟ್ಟಿದ್ದಳು. ಹತ್ತಿರದ ದಾರಿಗೆ ಮೂರು ದಿರ್ಹಮ್ ಕಡಿತವಾಗುತ್ತಿತ್ತು. ಮುಂದಿನ ಸೀಟುಗಳು ಹೆಂಗಸರಿಗೆ. ನಾವಿಬ್ಬರೂ ಕೂತೆವು. ಬಸ್ಸು ಹೊರಟದ್ದೇ ಅವಳು ನೇರವಾಗಿ ಕೇಳಿದಳು.

"ನನ್ನನ್ನು ನೋಡಿಕೊಂಡು ಬರಲು ನಿಮ್ಮ ಭಾವ ಕಳಿಸಿದ್ದಾರೆ, ಅಲ್ಲವೇ?"

"ಹೌದು," ಎಂದೆ.

ಇಬ್ಬರ ಇಂಗ್ಲಿಷೂ ಕುಂಟುತ್ತಿತ್ತು. ಸುಳ್ಳು ಹೇಳುವಷ್ಟು ಸರಾಗ ನನಗಿರಲಿಲ್ಲ. ಅವಳು ತಲೆಯಾಡಿಸಿ, ಚೀಲದಿಂದ ಒಂದು ಕಿತ್ತಳೆ ತೆಗೆದು ಅರ್ಧ ನನಗೆ ಕೊಟ್ಟಳು. ಅವಳು ತಿಂದ ಮೇಲೆ ನಾನೂ ತಿಂದೆ.

ಮೊದಲು ಇಳಿದದ್ದು ಮುಹೈಸ್ನಾದಲ್ಲಿ. ಕಟ್ಟಡ ಕೆಲಸದವರ ವಸತಿಗಳು ಸಾಲಾಗಿ ನಿಂತಿದ್ದವು. ಬಾಲ್ಕನಿಯುದ್ದಕ್ಕೂ ಒಣಹಾಕಿದ ನೀಲಿ ಸಮವಸ್ತ್ರಗಳು. ಕೆಳಗೆ ಕೇರಳದವರೊಬ್ಬರ ಗ್ರೋಸರಿ. ಅಲ್ಲಿ ಬೆಳ್ಳುಳ್ಳಿಯನ್ನು ಗಡ್ಡೆ ಲೆಕ್ಕದಲ್ಲಿ, ಒಂದು ದಿರ್ಹಮಿಗೆ ಇಷ್ಟು ಎಂದು ಮಾರುತ್ತಿದ್ದರು. ಒಂದು ಕೋಣೆಯವರು ಒಂದು ಅಡುಗೆಗೆ ಬೇಕಾದಷ್ಟೇ ಕೊಳ್ಳುತ್ತಾರಂತೆ. ಯಾನ್ ತೂಗಿಸಿ ನೋಡಿದಳು. ಕಿಲೋಗೆ ಹತ್ತು ದಿರ್ಹಮಿಗಿಂತ ಮೇಲೆ ಬಿತ್ತು. ಅಲ್ಲಿಂದ ಬಸ್ಸು, ಮೆಟ್ರೋ, ಮತ್ತೆ ಬಸ್ಸು ಹಿಡಿದು ಸತ್ವಾಕ್ಕೆ ಹೋದೆವು. ದರ್ಜಿಗಳ ಅಂಗಡಿ, ಸಣ್ಣ ಗ್ಯಾರೇಜುಗಳ ನಡುವೆ ಮೂರು ಕಡೆ ವಿಚಾರಿಸಿದಳು. ಒಂಬತ್ತು, ಒಂಬತ್ತೂವರೆ, ಮತ್ತೆ ಒಂಬತ್ತು. ಎಲ್ಲೆಡೆಯೂ ಫೋಟೋ.

ಬಿಸಿಲೇರಿದಾಗ ಒಂದು ಕೆಫೆಟೇರಿಯಾದ ಹೊರಗಿನ ಕುರ್ಚಿಯಲ್ಲಿ ಕೂತು ಗಟ್ಟಿ ಹಾಲಿನ ಕರಕ್ ಚಹಾ ಹೇಳಿದೆವು. ನಾನು ಬಾಯಿಬಿಟ್ಟು ಕೇಳಿದೆ: "ಬೇರೆ ಕೊಳ್ಳುವವರನ್ನು ಹುಡುಕುತ್ತಿದ್ದೀಯಾ?"

ಅವಳು ಫೋನಿನಲ್ಲಿ ಏನೋ ಹುಡುಕಿ ನನ್ನ ಮುಂದೆ ಹಿಡಿದಳು. ಹಳದಿ ದರಚೀಟಿಯ ಫೋಟೋ. ಬೆಳ್ಳುಳ್ಳಿ, ಕಿಲೋಗೆ ಮೂರು ತೊಂಬತ್ತೈದು.

"ಇಂಥ ಫೋಟೋ ಪ್ರತಿ ವಾರ ನಮ್ಮ ಊರಿನ ಏಜೆಂಟನಿಗೆ ದುಬೈಯಿಂದ ಬರುತ್ತದೆ," ಎಂದಳು. "ಅವನು ಎಲ್ಲರಿಗೂ ತೋರಿಸುತ್ತಾನೆ. ನೋಡಿ, ದುಬೈಯ ಅಂಗಡಿಯಲ್ಲೇ ನಾಲ್ಕು ದಿರ್ಹಮ್; ಹಡಗಿನ ಬಾಡಿಗೆ, ಶೈತ್ಯಾಗಾರ, ಎಲ್ಲ ಕಳೆದು ನಿಮಗೆ ಎಷ್ಟು ಕೊಡಲಿ ಎಂದು ಕೇಳುತ್ತಾನೆ. ಹೋದ ವರ್ಷ ನಮಗೆ ಕಿಲೋಗೆ ಇಲ್ಲಿಯ ಮೂರು ದಿರ್ಹಮಿನಷ್ಟು ಸಿಕ್ಕಿತ್ತು. ಈ ಸಲ ಎರಡು ಎನ್ನುತ್ತಿದ್ದಾನೆ."

"ಅದಕ್ಕೆ ನೀನು ಬಂದದ್ದಾ?"

"ಊರಿನವರೆಲ್ಲ ಸೇರಿ ನನ್ನ ಟಿಕೆಟ್ಟಿಗೆ ದುಡ್ಡು ಹಾಕಿದ್ದಾರೆ. ದುಬೈಯಲ್ಲಿ ನಿಜವಾಗಿ ಎಷ್ಟಿದೆ ಎಂದು ನೋಡಿಕೊಂಡು ಬಾ ಎಂದಿದ್ದಾರೆ. ಸೋಮವಾರದಿಂದ ನೋಡುತ್ತಿದ್ದೇನೆ, ನಾಲ್ಕು ದಿರ್ಹಮಿನ ಬೆಳ್ಳುಳ್ಳಿ ಎಲ್ಲೂ ಇಲ್ಲ. ಇದನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ ಅಂತ ನನಗೆ ಅನುಮಾನ. ಆದರೆ ಸಾಕ್ಷಿ ಇಲ್ಲ. ಮಾತುಕತೆಯಲ್ಲಿ ಎರಡು ದಿರ್ಹಮಿಗೆ ಒಪ್ಪಿ ಬಂದರೆ ಇಡೀ ಊರಿಗೆ ಅದೇ ದರ. ಅಪ್ಪನ ವರ್ಷದ ಬೆಳೆ ಪೂರ್ತಿ ಊರಿನ ಶೈತ್ಯಾಗಾರದಲ್ಲಿದೆ."

ನಾನು ಫೋಟೋವನ್ನೇ ನೋಡುತ್ತಿದ್ದೆ. ದರಚೀಟಿಯ ಪಕ್ಕದಲ್ಲಿ ಬೆಳ್ಳುಳ್ಳಿ ಚೀಲ ಹಿಡಿದ ಒಂದು ಕೈ. ಆ ಕೈಯಲ್ಲಿ ಎರಡು ಹಸಿರು ಗಾಜಿನ ಬಳೆ, ಅವುಗಳ ನಡುವೆ ನಮ್ಮ ಅಮ್ಮನ ಚಿನ್ನದ ಬಳೆ. ಅಮ್ಮ ತೀರಿಕೊಂಡಾಗ ಒಂದು ಬಳೆ ಅಕ್ಕನಿಗೆ, ಒಂದು ನನಗೆ ಬಂದಿತ್ತು. ನನ್ನದು ನನ್ನ ಕೈಯಲ್ಲೇ ಇತ್ತು. ನಾನು ಸೀರೆಯ ಸೆರಗು ಎಳೆದು ಅದನ್ನು ಮುಚ್ಚಿಕೊಂಡೆ.

ಯಾನ್‌ಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು ಹೋದವಳು ನಾನು. ಸಂಶಯ ಸುತ್ತಾಡಿ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿತ್ತು. ಫೋಟೋ ಸುಳ್ಳಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ. ಆ ಸಾಲಿನಲ್ಲಿ ನಿಂತವಳು. ಅಂದು ಹೇಳಲಿಲ್ಲ.

ಭಾನುವಾರ ಅಬುಧಾಬಿಗೆ ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ಬೆಳಿಗ್ಗೆ ಹೆದ್ದಾರಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಲಾರಿಯ ಹಿಂಬದಿ ದೀಪ ಮಾತ್ರ ಕಾಣುತ್ತಿತ್ತು. ಭಾವ ನಿಧಾನಕ್ಕೆ ಓಡಿಸಿದರು; ಒಂದೂವರೆ ಗಂಟೆಯ ದಾರಿಗೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಕ್ಕ ಕಟ್ಟಿಕೊಂಡು ಬಂದಿದ್ದ ನೀರುದೋಸೆ, ಚಟ್ನಿ ಕಾರಿನಲ್ಲೇ ಮುಗಿಯಿತು. ಬಿಳಿ ಅಮೃತಶಿಲೆಯ ದೊಡ್ಡ ಮಸೀದಿಯನ್ನು ನೋಡಿದೆವು. ತಲೆಗೆ ಬಟ್ಟೆ ಸುತ್ತಿಕೊಂಡು ಆ ಅಂಗಳದಲ್ಲಿ ನಿಂತಾಗ ಒಂದು ಗಳಿಗೆ ನನಗೂ ಯಾವುದರ ಮೇಲೂ ಸಂಶಯ ಬರಲಿಲ್ಲ. ಆಮೇಲೆ ಭಾವ ತಮ್ಮ ಗಿರಾಕಿಯೊಬ್ಬರನ್ನು ನೋಡಬೇಕೆಂದು ಮೀನಾ ಎಂಬ ಬಂದರು ಪ್ರದೇಶದ ತರಕಾರಿ ಮಾರುಕಟ್ಟೆಗೆ ಕರೆದೊಯ್ದರು. ಅಕ್ಕ ಮತ್ತು ಮಗಳು ಖರ್ಜೂರದ ಅಂಗಡಿಗಳತ್ತ ಹೋದರು. ಭಾವನೂ ನಾನೂ ಕಾಫಿ ಹಿಡಿದು ಒಂದು ಕಟ್ಟೆಯ ಮೇಲೆ ಕೂತೆವು.

"ಎಲ್ಲಿಗೆಲ್ಲ ಹೋದಳು ನಿನ್ನೆ?" ಎಂದು ಭಾವ ಕೇಳಿದರು.

"ನೀವು ತೆಗೆದ ಫೋಟೋದ ಅಂಗಡಿ ಹುಡುಕಿಕೊಂಡು ಹೋದಳು."

ನಾನು ಅಮ್ಮನ ಬಳೆಯ ವಿಷಯ ಹೇಳಿದೆ.

"ಎಂತ ಮಾಡುದು ವಾರಿಜಾ," ಎಂದರು. "ಆಫರ್ ಹಾಕುದು ಅಂಗಡಿಯವರು. ಆದ್ರೆ ಅವರ ಜೇಬಿಂದ ಒಂದು ಫಿಲ್ಸೂ ಹೋಗುದಿಲ್ಲ. ಅಷ್ಟನ್ನೂ ನಮ್ಮ ಬಿಲ್ಲಲ್ಲಿ ಮುರ್ಕೊಳ್ತಾರೆ. ಒಪ್ಪದಿದ್ರೆ ಶೆಲ್ಫಲ್ಲಿ ಜಾಗ ಇಲ್ಲ, ಖಲಾಸ್. ನಾವು ಎಲ್ಲಿಂದ ತರ್ಬೇಕು? ಬೆಳೆಯುವವನ ದರದಲ್ಲಿ ಕಡಿಮೆ ಮಾಡ್ಬೇಕು. ಸುಮ್ಮನೆ ಕಡಿಮೆ ಮಾಡಿ ಅಂದ್ರೆ ಮಾಡ್ತಾರಾ? ಎಂತದಾದ್ರೂ ತೋರಿಸ್ಬೇಕಲ್ಲ."

"ಹಾಗೆ ಅಕ್ಕನ ಕೈ ತೋರಿಸಿದ್ದಾ?"

"ನಾನು ಸುಳ್ಳು ಫೋಟೋ ಕಳಿಸಿದ್ದಾ ಹೇಳು? ಇದ್ದದ್ದನ್ನೇ ಕಳಿಸಿದ್ದು."

"ಹೋದ ರಂಜಾನಲ್ಲಿ ಬೆಳ್ಳುಳ್ಳಿ ಹನ್ನೆರಡು ದಿರ್ಹಮ್ ಆಗಿತ್ತು ಅಂತ ಅಕ್ಕ ಫೋನಲ್ಲಿ ಹೇಳಿದ್ದಳು. ಆ ಫೋಟೋ ಕಳಿಸಿದ್ರಾ?"

ಭಾವ ಕಾಫಿ ಲೋಟದ ತಳ ನೋಡಿದರು. "ಅದನ್ನು ಯಾರೂ ಕೇಳ್ಲಿಲ್ಲ," ಎಂದರು. ಆಮೇಲೆ, "ನೀನು ಇದಕ್ಕೆಲ್ಲ ಯಾಕೆ ತಲೆ ಹಾಕ್ತಿ? ಬೆಳ್ಳುಳ್ಳಿ ಕಡಿಮೆಗೆ ಬಂದ್ರೆ ನಿನ್ನ ಉಪ್ಪಿನಕಾಯಿಗೂ ಲಾಭವೇ ಅಲ್ವಾ?" ಎಂದರು.

ಭಾವ ಕೆಟ್ಟವರಲ್ಲ. ಅಮ್ಮನ ಆಸ್ಪತ್ರೆ ಖರ್ಚನ್ನು ಒಂದು ಮಾತೂ ಆಡದೆ ಕೊಟ್ಟವರು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಅವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ವಾಪಸು ಬರುವಾಗ ಮಂಜು ಕರಗಿ ದಾರಿಯ ಎರಡೂ ಬದಿಯ ಮರಳು ಬಿಸಿಲಿಗೆ ಹೊಳೆಯುತ್ತಿತ್ತು. ಅಕ್ಕ ಖರ್ಜೂರ ತಿನ್ನಿಸುತ್ತಲೇ ಇದ್ದಳು. ಫೋಟೋಗಳು ಎಲ್ಲಿಗೆ ಹೋಗುತ್ತವೆಂದು ಅವಳಿಗೆ ತಿಳಿದಿರಲಿಲ್ಲ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿರಲಿಲ್ಲ.

ಸಂಜೆ ಐದರ ಹೊತ್ತಿಗೆ ಮನೆ ಸೇರಿದೆವು. ನಾನು ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೇಳಿ ಕೆಳಗಿಳಿದು ಯಾನ್‌ಗೆ ಫೋನ್ ಮಾಡಿದೆ. ಆಫರಿನ ಕೊನೆಯ ದಿನ ಅದು. ಅವಳು ಟ್ಯಾಕ್ಸಿಯಲ್ಲಿ ಓಡಿ ಬಂದಳು.

ಶುಕ್ರವಾರ ಹೋಗಿದ್ದ ಅಂಗಡಿಗೇ ಕರೆದೊಯ್ದು ಬೆಳ್ಳುಳ್ಳಿ ರಾಶಿಯ ಮುಂದೆ ನಿಲ್ಲಿಸಿದೆ. ಹಳದಿ ದರಚೀಟಿ ಕಂಡದ್ದೇ ಅವಳ ಮುಖ ಬಿಳಿಚಿತು. "ಹಾಗಾದರೆ ಇದು ನಿಜ," ಎಂದಳು. ಏಜೆಂಟ್ ಹೇಳಿದ್ದೇ ಸರಿಯಾಯಿತಲ್ಲ ಎಂದು ಫೋನನ್ನು ಚೀಲಕ್ಕೆ ಹಾಕಿಕೊಳ್ಳಹೊರಟಳು.

"ಪೂರ್ತಿ ಓದು," ಎಂದೆ.

ದರಚೀಟಿಯ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿತ್ತು: ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ, ಒಬ್ಬರಿಗೆ ಎರಡು ಚೀಲ. ಭಾವನ ಫೋಟೋದಲ್ಲಿ ಆ ಸಾಲು ಬಂದಿರಲಿಲ್ಲ. ಅಲ್ಲಿಗೆ ಸರಿಯಾಗಿ ಅಕ್ಕನ ಕೈಯಲ್ಲಿದ್ದ ಚೀಲ ಅಡ್ಡ ಬಂದಿತ್ತು. ನಾನು ಹಳದಿ ಚೀಟಿಯನ್ನು ಬೆರಳಿನಿಂದ ಎತ್ತಿದೆ. ಅದರ ಹಿಂದೆ ದಿನನಿತ್ಯದ ಬಿಳಿ ಚೀಟಿ ಕೂತಿತ್ತು: ಒಂಬತ್ತೂವರೆ ದಿರ್ಹಮ್. ಯಾನ್ ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿದಳು. ಆಮೇಲೆ ಬೇಕೆಂದೇ ಮೂರು ಚೀಲ ಎತ್ತಿಕೊಂಡು ಕೌಂಟರಿಗೆ ಹೋದಳು. ಕೌಂಟರಿನ ಹುಡುಗಿ ನಗುತ್ತಲೇ ಒಂದನ್ನು ಪಕ್ಕಕ್ಕಿಟ್ಟಳು.

ಹೊರಗೆ ಬಂದ ಮೇಲೆ ಯಾನ್ ಕೇಳಿದಳು: "ಆ ಫೋಟೋ ತೆಗೆಯುವುದು ಯಾರು ಎಂದು ನಿಮಗೆ ಗೊತ್ತಿದೆಯೇ?"

"ಅದನ್ನು ನನ್ನ ಹತ್ತಿರ ಕೇಳಬೇಡ," ಎಂದೆ.

ಅವಳ ನೋಟ ನನ್ನ ಬಳೆಯ ಮೇಲೆ ಬಿತ್ತು. ಅಲ್ಲಿಯೇ ನಿಂತಿತು. ಮತ್ತೆ ಕೇಳಲಿಲ್ಲ.

ಸೋಮವಾರ ಮಧ್ಯಾಹ್ನ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆಫೀಸಿನಲ್ಲಿ ನಾವು ನಾಲ್ವರು: ಮಾಲೀಕರು, ಭಾವ, ಯಾನ್, ನಾನು. ನನ್ನನ್ನು ಕೂರಿಸಿಕೊಂಡದ್ದು ಬೆಳ್ಳುಳ್ಳಿಯ ಬಗ್ಗೆ ಅಭಿಪ್ರಾಯ ಹೇಳುವುದಕ್ಕೆ. ಮಾಲೀಕರು ಹಿಂದಿಯಲ್ಲಿ ನನಗೆ ಬಹಳ ಮರ್ಯಾದೆ ಕೊಟ್ಟರು, ಬಾದಾಮಿ ತರಿಸಿದರು. ಬಾದಾಮಿ ಚೆನ್ನಾಗಿತ್ತು, ನಾನು ಎರಡೇ ತಿಂದೆ. ಆಮೇಲೆ ಅವರು ಯಾನ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಅದೇ ಹಳೆಯ ಮಾತು ಆಡಿದರು. ಅಂಗಡಿಯಲ್ಲಿ ನಾಲ್ಕು ದಿರ್ಹಮಿಗೆ ಹೋಗುವ ಮಾಲಿಗೆ ರೈತನಿಗೆ ಎರಡಕ್ಕಿಂತ ಹೆಚ್ಚು ಹೇಗೆ ಕೊಡಲಿ, ಕೊಳ್ಳುವವರು ಕೊಟ್ಟಷ್ಟೇ ತಾನೇ ಬೆಳೆದವರಿಗೆ ಮುಟ್ಟುವುದು ಎಂದರು.

ಯಾನ್ ಎರಡು ಬಲೆಚೀಲಗಳನ್ನು ಮೇಜಿನ ಮೇಲಿಟ್ಟು, ಫೋನಿನಲ್ಲಿ ಹಳದಿ ಮತ್ತು ಬಿಳಿ ಚೀಟಿಗಳ ಫೋಟೋ ತೋರಿಸಿದಳು. ಆಮೇಲೆ ಮುಹೈಸ್ನಾದ್ದು, ಸತ್ವಾದ್ದು. "ಅಂಗಡಿಯ ದರ ಒಂಬತ್ತೂವರೆ. ನೀವೇ ಹೇಳಿದ ಲೆಕ್ಕದಲ್ಲಿ ನಮಗೆ ಎಷ್ಟು ಬರಬೇಕು?" ಎಂದಳು.

ಮಾಲೀಕರು ಫೋಟೋಗಳನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. "ನೋಡಿ ಮೇಡಂ," ಎಂದರು, "ಅಂಗಡಿಯವನು ಎಷ್ಟಕ್ಕೆ ಬೇಕಾದರೂ ಮಾರಿಕೊಳ್ಳಲಿ. ಅದಕ್ಕೂ ರೈತನ ದರಕ್ಕೂ ಏನು ಸಂಬಂಧ?"

ನಾನು ಮಾತಾಡಬಾರದೆಂದು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಈ ಮಾತಿಗೆ ಬೀಗ ಕಳಚಿತು. ನನ್ನ ಹಿಂದಿ ಹೇಗಿದೆಯೋ ಹಾಗೆಯೇ ಕೇಳಿದೆ: "ಸಂಬಂಧ ಇಲ್ಲದಿದ್ದರೆ ನಾಲ್ಕು ದಿರ್ಹಮಿನ ಫೋಟೋ ವಾರ ವಾರ ಚೀನಾಕ್ಕೆ ಹೋದದ್ದು ಯಾಕೆ? ದರ ಇಳಿದಾಗ ಮಾತ್ರ ಸಂಬಂಧ, ಏರಿದಾಗ ಗುರುತೇ ಇಲ್ಲವೇ? ನಾಲ್ಕೇ ನಿಜವಾದ ದರ ಎಂದಾದರೆ ನೀವು ಚೀನಾದಿಂದ ಯಾಕೆ ತರಿಸುತ್ತೀರಿ, ಅದೇ ಅಂಗಡಿಯಿಂದ ಒಂದು ಕಂಟೇನರ್ ಕೊಂಡು ಬನ್ನಿ. ಮನೆಯವರೆಲ್ಲ ಬೇರೆ ಬೇರೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಒಬ್ಬರಿಗೆ ಎರಡೇ ಚೀಲ."

ಭಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಯಾರು ಫೋಟೋ ಕಳಿಸಿದ್ದು ಎಂದು ಯಾನ್ ಎತ್ತಲಿಲ್ಲ. ಒಮ್ಮೆಯೂ ಭಾವನ ಕಡೆ ಬೆರಳು ಮಾಡಲಿಲ್ಲ. ಮಾಲೀಕರು ನನ್ನನ್ನು ನೋಡಿ, ಜೋರಾಗಿ ನಕ್ಕು, ಬಾದಾಮಿ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೂ ಒಂದು ಗಂಟೆ ಎಳೆದಾಟ ನಡೆಯಿತು. ಹಡಗಿನ ಬಾಡಿಗೆ ಬಂತು, ಡಾಲರ್ ಬಂತು, ಬೇರೆ ದೇಶದ ಬೆಳ್ಳುಳ್ಳಿ ಬಂತು. ರಂಜಾನ್ ಹತ್ತಿರವಾಗುತ್ತಿತ್ತು, ಸರಕು ಅವರಿಗೂ ಬೇಕಿತ್ತು. ಕೊನೆಗೆ ಹೋದ ವರ್ಷದ ದರಕ್ಕೇ ನಿಂತಿತು, ಈ ಒಂದು ಸರಕಿಗೆ ಮಾತ್ರ. ಮುಂದಿನದು ಮುಂದೆ ನೋಡೋಣ ಎಂದರು ಮಾಲೀಕರು. ಬೆಳ್ಳುಳ್ಳಿ ಹೇಗಿದೆ ಎಂದು ನನ್ನನ್ನು ಕೊನೆಗೂ ಯಾರೂ ಕೇಳಲಿಲ್ಲ.

ಹೊರಗೆ ಲಾರಿಗಳ ನಡುವೆ ನಿಂತು ಯಾನ್ ಅಪ್ಪನಿಗೆ ಫೋನ್ ಮಾಡಿದಳು. ಒಂದು ನಿಮಿಷ ಮಾತಾಡಿ, ನಗುತ್ತ, ಕಣ್ಣೊರೆಸಿಕೊಂಡಳು.

"ಏನೆಂದರು?" ಎಂದು ಕೇಳಿದೆ.

"ಬದಲಿಗೆ ನೀನು ಏನು ಕೊಟ್ಟೆ ಎಂದು ಕೇಳುತ್ತಿದ್ದಾರೆ. ನಂಬುತ್ತಿಲ್ಲ."

ನೋಡದೇ ಇದ್ದ ಆ ಮುದುಕನ ಮೇಲೆ ನನಗೆ ಬಹಳ ಪ್ರೀತಿ ಹುಟ್ಟಿತು. ಯಾನ್ ನನ್ನ ಕೈ ಹಿಡಿದು, ಬಳೆಯ ಮೇಲೆ ಒಂದು ಸಲ ಬೆರಳಾಡಿಸಿ, ಟ್ಯಾಕ್ಸಿ ಹತ್ತಿದಳು.

ಮನೆಗೆ ಬರುವಾಗ ಕಾರಿನಲ್ಲಿ ಮತ್ತೆ ಭಾವ, ನಾನು ಇಬ್ಬರೇ. ಸಿಗ್ನಲಿನಲ್ಲಿ ನಿಂತಾಗ, "ನೀನು ಯಾರ ಕಡೆ ಮಾರಾಯ್ತಿ?" ಎಂದರು.

"ನೀವು ಟಿಕೆಟ್ ಕೊಟ್ಟದ್ದು ಬೆಳ್ಳುಳ್ಳಿ ನೋಡ್ಲಿಕ್ಕೆ. ನೋಡಿದೆ. ಉಪ್ಪಿನಕಾಯಿ ಕಾರ್ಕಳದಲ್ಲೇ ಆಗ್ಲಿ ಭಾವ."

"ಆಯ್ತು," ಎಂದರು. ನಗಲಿಲ್ಲ, ಬೈಯಲೂ ಇಲ್ಲ. ಮರುದಿನ ವಿಮಾನ ನಿಲ್ದಾಣಕ್ಕೆ ಅವರೇ ರಜೆ ಹಾಕಿ ಬಂದು ಬಿಟ್ಟರು. ನನ್ನ ಪೆಟ್ಟಿಗೆ ತೂಕ ಹೆಚ್ಚಾದಾಗ ಅಕ್ಕ ಖರ್ಜೂರವನ್ನು ತೆಗೆಯಲು ಬಿಡದೆ ನನ್ನ ಚಪ್ಪಲಿ ತೆಗೆದಳು. ಆ ಚಪ್ಪಲಿ ಈಗಲೂ ಅಲ್ ನಹ್ದಾದಲ್ಲಿದೆ.

ಊರಿಗೆ ಬಂದ ಮೇಲಿನ ಶುಕ್ರವಾರ ಸಂಜೆ. ಘಟಕದಲ್ಲಿ ಕೆಲಸ ಮುಗಿದು ಹೆಂಗಸರು ಕೈ ತೊಳೆಯುತ್ತಿದ್ದರು. ಫೋನಿನಲ್ಲಿ ಭಾವನ ಸಂದೇಶ ಬಂತು. ತೆರೆದೆ. ಅದೇ ಅಂಗಡಿ, ಅದೇ ಹಳದಿ ದರಚೀಟಿ. ಅದರ ಪಕ್ಕದಲ್ಲಿ ಅಕ್ಕನ ಕೈ, ಅಮ್ಮನ ಬಳೆ. ಕೈಯಲ್ಲಿ ನನ್ನ ಬೆಳ್ಳುಳ್ಳಿ ಉಪ್ಪಿನಕಾಯಿಯ ಬಾಟಲಿ. ಕೆಳಗೆ ಭಾವ ಬರೆದಿದ್ದರು: "ವಾರಿಜಾ, ಇಲ್ಲಿ ಅಂಗಡಿಯಲ್ಲೇ ಇಷ್ಟಕ್ಕೆ ಹೋಗ್ತಾ ಉಂಟು. ಮುಂದಿನ ಸಲ ನಿನ್ನ ರೇಟ್ ಸ್ವಲ್ಪ ಕಡಿಮೆ ಮಾಡ್ಬೇಕಾದೀತು ಅಂತ ಬಾಸ್ ಹೇಳಿದ್ದಾರೆ."

ನಾನು ಸ್ಟೂಲಿನ ಮೇಲೆ ಕೂತೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ದರಚೀಟಿಯ ಕೆಳಭಾಗಕ್ಕೆ ಸರಿಯಾಗಿ ಬಾಟಲಿ ಅಡ್ಡ ಬಂದಿತ್ತು.

"ಭಾವ, ಕೆಳಗಿನ ಸಾಲು ಕಾಣ್ತಾ ಇಲ್ಲ," ಎಂದು ಬರೆದೆ. "ಒಬ್ಬರಿಗೆ ಎಷ್ಟು ಬಾಟಲಿ?"

ಸಂದೇಶ ನೋಡಿದ ಗುರುತು ಬಂತು. ಹೆಂಗಸರೆಲ್ಲ ಮನೆಗೆ ಹೋದರು, ನಾನು ಬಾಗಿಲು ಹಾಕಿದೆ. ಆಮೇಲೆ ಉತ್ತರ ಬಂತು, ಒಂದೇ ಪದ.

"ಎರಡು."